ಗಲ್ಲಾದಲ್ಲಿ ಸಿಗ್ನಲ್ ಇಲ್ಲವೇ? ಮೊದಲು ಸೆಟ್ಟಿಂಗ್ ನೋಡಿ



ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಹೆಚ್ಚಿನ ಹೋಟೆಲುಗಳು ಕಟ್ಟಡದ ಕೆಳಗಿನ ಮಾಳಿಗೆಯಲ್ಲಿವೆ. ಸುತ್ತಲೂ ಕಾಂಕ್ರೀಟು, ಎದುರು ಕಬ್ಬಿಣದ ಶಟರ್. ಊಟದ ಹೊತ್ತಿಗೆ ಗಿರಾಕಿಯ ಖಾತೆಯಿಂದ ಹಣ ಹೋಗಿರುತ್ತದೆ, ನಮ್ಮ ಫೋನಿಗೆ ಸಂದೇಶ ಬಂದಿರುವುದಿಲ್ಲ. ಗಲ್ಲಾದ ಮುಂದೆ ಸಾಲು, ಮಾತಿಗೆ ಮಾತು. ಕೇಟರಿಂಗ್ ಆರ್ಡರಿನ ಕರೆಯೂ ತಪ್ಪಿ ಬೇರೆಯವರ ಪಾಲಾಗುತ್ತದೆ.

2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ 5ಜಿ ಹೆಚ್ಚಾಗಿ 3300 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗದಲ್ಲಿ ಓಡುತ್ತದೆ. ಗೋಡೆ ದಾಟುವಾಗ ಅದು ಸೋಲುತ್ತದೆ. 4ಜಿಯ 850, 900 ಮೆಗಾಹರ್ಟ್ಸ್ ತರಂಗ ಒಳಕ್ಕೆ ಚೆನ್ನಾಗಿ ಬರುತ್ತದೆ. ಫೋನು ಎರಡರ ನಡುವೆ ಹಾರುತ್ತಿದ್ದರೆ ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಆದ್ದರಿಂದ ನಾವು ಗಲ್ಲಾದ ಫೋನನ್ನು 4ಜಿಗೇ ಇಡುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗಿ, 'ಪ್ರಿಫರ್ಡ್ ನೆಟ್‌ವರ್ಕ್' ಎಂಬಲ್ಲಿ 4ಜಿ ಅಥವಾ ಎಲ್‌ಟಿಇ ಒತ್ತಿದರಾಯಿತು. ಜಿಯೋ ಸಿಮ್ಮನ್ನು 2ಜಿ, 3ಜಿಗೆ ಇಡಬೇಡಿ, ಆ ಕಂಪೆನಿಗೆ ಅವು ಇಲ್ಲ.

ಬ್ರಾಡ್‌ಬ್ಯಾಂಡ್ ಇದ್ದವರು ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಅದನ್ನು ತಂದವು. ಸಿಗ್ನಲ್ ಇಲ್ಲದ ಅಡುಗೆಮನೆಯಲ್ಲೂ ಕರೆ ಬರುತ್ತದೆ. ಹಣ ಬಂತೆಂದು ಕೂಗುವ ಪೆಟ್ಟಿಗೆಗೆ ಅದರದೇ ಸಿಮ್ ಇದ್ದರೆ ಬಾಗಿಲ ಹತ್ತಿರ ಇಡಿ.

ಅನುಮತಿಯಿಲ್ಲದ ಬೂಸ್ಟರ್ ಮಾತ್ರ ಹಾಕಿಸಬೇಡಿ. ಅದು ಕಾನೂನಿಗೆ ವಿರುದ್ಧ, ನೆರೆಯವರ ಸಿಗ್ನಲನ್ನೂ ಕೆಡಿಸುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ನಂಬರ್ ಉಳಿಸಿಕೊಂಡೇ ಕಂಪೆನಿ ಬದಲಿಸಬಹುದು. ಅದಕ್ಕೆ ಮೊದಲು ನಮ್ಮ ಹುಡುಗರ ಬೇರೆ ಬೇರೆ ಸಿಮ್‌ಗಳಲ್ಲಿ ಯಾವುದು ಗಲ್ಲಾದಲ್ಲಿ ಹಿಡಿಯುತ್ತದೆಂದು ನೋಡಿಕೊಳ್ಳಿ.