ಸತ್ಯಶುದ್ಧ ಕಾಯಕ ಮೊದಲು, ದಾಸೋಹ ಅನಂತರ
ಬ್ಯಾಂಕುಗಳ ಆಡಳಿತ ಮಂಡಳಿ ಮತ್ತು ಸಮಾಜದ ಹೊಣೆ

ಬ್ಯಾಂಕೊಂದು ಶಾಲೆಗೆ ಪೀಠೋಪಕರಣಗಳನ್ನೋ ಆಸ್ಪತ್ರೆಗೆ ವಾಹನವನ್ನೋ ಕಾಣಿಕೆಯಾಗಿತ್ತರೆ ಆ ಸುದ್ದಿ ಛಾಯಾಚಿತ್ರ ಸಹಿತ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಬ್ಯಾಂಕಿನ ಸಾಮಾಜಿಕ ಹೊಣೆ ಅಷ್ಟಕ್ಕೇ ಮುಗಿಯಿತೆ? ಕಾಯಕ ಶುದ್ಧವಾಗಿದ್ದರೆ ಮಾತ್ರ ದಾಸೋಹಕ್ಕೆ ಬೆಲೆ ಎಂದು ನಂಬಿದ ಪರಂಪರೆ ನಮ್ಮದು. ಆ ಒರೆಗಲ್ಲಿಗೆ ಇಂದಿನ ಹಣಕಾಸು ಸಂಸ್ಥೆಗಳನ್ನೂ ಉಜ್ಜಿ ನೋಡುವುದು ಉಚಿತ.

ಸಂಪತ್ತಿಗೆ ಸಮಾಜದ ಹೊಣೆಯುಂಟು ಎಂಬ ಅರಿವು ಶಿಕಾರಿಪುರದ ಮಣ್ಣಿಗೆ ಹೊಸದಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿ ಇರುವುದು ಇದೇ ತಾಲ್ಲೂಕಿನಲ್ಲಿ. ಅಲ್ಲಿನ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ ವ್ಯಾಕರಣಗಳ ಅಧ್ಯಯನ ನಡೆಯುತ್ತಿದ್ದ ಆ ಮಠದಲ್ಲಿಯೇ ದೀನರಿಗೆ, ಅಂಗವಿಕಲರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತು. ಬಳ್ಳಿಗಾವಿಯ ಶಾಸನಗಳಲ್ಲಿ ಅರಸರ ದತ್ತಿಗಳಂತೆ ವರ್ತಕ ಸಮೂಹಗಳ ದತ್ತಿಗಳೂ ಕಾಣಸಿಗುತ್ತವೆ. ಗಳಿಕೆಯೂ ಹೊಣೆಯೂ ಒಂದೇ ಊರಿನಲ್ಲಿದ್ದವು. ಕೊಟ್ಟವರೂ ಪಡೆದವರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಹಣಕಾಸು ಸಂಸ್ಥೆಗಳಲ್ಲಿಯೂ ಈ ಸಾಮೀಪ್ಯವಿತ್ತು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿಯನ್ನು ಆರಂಭಿಸಿದರು. ಅದಕ್ಕೂ ಮೊದಲೇ ಅವರು ಶಾಲೆ ತೆರೆದಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಅನಂತರ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು ಕೈಮಗ್ಗದ ನೇಕಾರರಿಗೆ ಆಸರೆಯಾಗಲು ಹೊರಟಿತು. 1928ರಿಂದ ಪಿಗ್ಮಿ ಯೋಜನೆಯ ಮೂಲಕ ದಿನಕ್ಕೆ ಎರಡಾಣೆಯಷ್ಟು ಅಲ್ಪ ಉಳಿತಾಯವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಇವರಾರೂ ಸಮಾಜಸೇವೆಗೆ ಬೇರೊಂದು ವಿಭಾಗ ತೆರೆಯಲಿಲ್ಲ. ಅವರ ವ್ಯವಹಾರದ ರೀತಿಯೇ ಸೇವೆಯಾಗಿತ್ತು.

ಇಂದು ಆ ಹೊಣೆಗೆ ಕಾನೂನಿನ ರೂಪ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ – ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಇದರ ಹೊಣೆ ನಿರ್ದೇಶಕ ಮಂಡಳಿಯದು. ತಾನು ವ್ಯವಹರಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂಬ ಮಾತೂ ಕಾಯ್ದೆಯಲ್ಲಿದೆ. ಕರ್ಣಾಟಕ ಬ್ಯಾಂಕಿನಂತಹ ಖಾಸಗಿ ಬ್ಯಾಂಕುಗಳು ಈ ಕಲಮಿನ ವ್ಯಾಪ್ತಿಗೆ ಬರುತ್ತವೆ. ರಾಷ್ಟ್ರೀಕೃತ ಬ್ಯಾಂಕುಗಳೂ ಸ್ಟೇಟ್ ಬ್ಯಾಂಕೂ ಬೇರೆ ಕಾಯ್ದೆಗಳಿಂದ ಸ್ಥಾಪಿತವಾದವು. ಅವುಗಳಿಗೆ ಈ ಕಲಮು ನೇರವಾಗಿ ಅನ್ವಯಿಸದು.

ಇಲ್ಲೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಕಂಪನಿಯ ನಿತ್ಯದ ವ್ಯವಹಾರವನ್ನು ಈ ಕಾಯ್ದೆ ಸಮಾಜಕಾರ್ಯವೆಂದು ಎಣಿಸುವುದಿಲ್ಲ. ಆದರೆ ಬ್ಯಾಂಕೊಂದು ಸಮಾಜಕ್ಕೆ ಹೆಚ್ಚಿನ ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡುವುದು ನಿತ್ಯದ ವ್ಯವಹಾರದಲ್ಲಿಯೇ. ದೇಣಿಗೆ ಲಾಭದ ಒಂದು ಚೂರು. ಸಾಲವಾದರೋ ಜನರ ಠೇವಣಿಯ ಬಹುಪಾಲು. ಒಟ್ಟು ಸಾಲದಲ್ಲಿ ಶೇಕಡಾ 40ರಷ್ಟು ಆದ್ಯತಾ ವಲಯಕ್ಕೆ, ಅದರೊಳಗೆ ಶೇಕಡಾ 18ರಷ್ಟು ಕೃಷಿಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ಗುರಿ ವಿಧಿಸಿದೆ. ಆದರೆ ಈ ಗುರಿ ಇಡೀ ದೇಶದ ಲೆಕ್ಕದಲ್ಲಿ ತುಂಬಿದರೆ ಸಾಕು. ಸೊರಬದ ಭತ್ತದ ಗದ್ದೆಗೆ, ಶ್ರೀಗಂಧದಲ್ಲಿ ಕೆತ್ತುವ ಗುಡಿಗಾರರ ಕುಶಲಕಲೆಗೆ, ಶಿಕಾರಿಪುರದ ಮೆಕ್ಕೆಜೋಳದ ಹೊಲಕ್ಕೆ ಎಷ್ಟು ಸಂದಿತೆಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆ ಕೇಳುವ ಅಗತ್ಯ ಈಗ ಹೆಚ್ಚಿದೆ. ಏಕೆಂದರೆ ನಿರ್ಣಯ ಕೈಗೊಳ್ಳುವ ಮಂಡಳಿಗಳು ನಮ್ಮಿಂದ ದೂರ ಸರಿದಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಈ ಮೂರರ ಮಂಡಳಿಗಳ ಸ್ಥಾನ ರಾಜ್ಯದ ಹೊರಗೆ ಹೋಯಿತು. ಶಿವಮೊಗ್ಗದ ಸಹ್ಯಾದ್ರಿ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆಯಿತು. ಮುಂದಿನ ವಿಲೀನಗಳ ಫಲವಾಗಿ 2025ರ ಮೇ 1ರಿಂದ ಇಡೀ ಕರ್ನಾಟಕಕ್ಕೆ ಬಳ್ಳಾರಿ ಕೇಂದ್ರವಾಗಿರುವ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ವಿಲೀನದಿಂದ ಸಂಸ್ಥೆಗೆ ಬಲ ಬರಬಹುದು. ಆದರೆ ಊರಿನ ಕಷ್ಟಸುಖ ಬಲ್ಲವರು ಮಂಡಳಿಯಲ್ಲಿ ಇರುವ ಸಂಭವ ಕಡಿಮೆಯಾಗುತ್ತದೆ.

ಹಾಗಾದರೆ ನಮಗೆ ಹತ್ತಿರ ಉಳಿದಿರುವ ಮಂಡಳಿ ಯಾವುದು? ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರಿ, ಸೌಹಾರ್ದ ಸಹಕಾರಿಗಳ ಮಂಡಳಿ. ಅಲ್ಲಿ ಕುಳಿತವರು ನಮ್ಮ ನೆರೆಹೊರೆಯವರು, ಬಂಧುಗಳು. ಇದು ಬಲವೂ ಹೌದು, ಅಪಾಯವೂ ಹೌದು. ಬ್ಯಾಂಕು ತನ್ನ ನಿರ್ದೇಶಕರಿಗೇ ಸಾಲ ಕೊಡುವುದನ್ನು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 20ನೇ ಕಲಮು ತಡೆಯುತ್ತದೆ. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯೂ ಉಂಟು. ಆದರೆ ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಹಕಾರಿಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಮಗಳ ಮದುವೆಗೆಂದು, ವೃದ್ಧಾಪ್ಯಕ್ಕೆಂದು ತುಸು ಹೆಚ್ಚಿನ ಬಡ್ಡಿಯ ಆಸೆಯಿಂದ ಅಲ್ಲಿ ಹಣವಿಡುವ ಕುಟುಂಬಗಳಿಗೆ ಮಂಡಳಿಯ ಪ್ರಾಮಾಣಿಕತೆಯೇ ಮುಖ್ಯ ರಕ್ಷೆ. ಆ ಪ್ರಾಮಾಣಿಕತೆ ಕೆಟ್ಟ ಕಡೆ ಜಾತ್ರೆಗೆ ದೇಣಿಗೆ, ಮಠಕ್ಕೆ ಕಾಣಿಕೆ, ಪ್ರತಿಭಾ ಪುರಸ್ಕಾರ ಎಷ್ಟು ನಡೆದರೂ ಅದು ದಾಸೋಹವಾಗಲಾರದು. ಪರರ ಹಣದ ಮೆರವಣಿಗೆಯಾದೀತು.

ಆದ್ದರಿಂದ ಸಮಾಜದ ಕುಟುಂಬಗಳಲ್ಲಿ ನಾವು ಅರಿಕೆ ಮಾಡಿಕೊಳ್ಳುವುದಿಷ್ಟು. ಸಂಘದ ವಾರ್ಷಿಕ ಮಹಾಸಭೆಯ ಕರೆ ಬಂದಾಗ ಉಪಾಹಾರಕ್ಕಷ್ಟೇ ಹೋಗದೆ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ಓದಬೇಕು. ಸುಸ್ತಿ ಸಾಲವೆಷ್ಟು, ನಿರ್ದೇಶಕರ ಹಾಗೂ ಅವರ ಬಂಧುಗಳ ಸಾಲವೆಷ್ಟು, ಸಣ್ಣ ರೈತರಿಗೆ, ಸ್ತ್ರೀಯರಿಗೆ ಸಂದದ್ದೆಷ್ಟು ಎಂದು ವಿನಯದಿಂದ, ಆದರೆ ನಿಸ್ಸಂಕೋಚವಾಗಿ ಪ್ರಶ್ನಿಸಬೇಕು. ನಮ್ಮವರೆಂಬ ಅಭಿಮಾನಕ್ಕಿಂತ ಯೋಗ್ಯತೆ ನೋಡಿ ಮತ ನೀಡಬೇಕು. ಮನೆಯ ತಾಯಂದಿರೂ ಸದಸ್ಯರಾಗಿ ಸಭೆಗೆ ಬರಬೇಕು. ಬ್ಯಾಂಕಿನ ಶಾಖೆಯಲ್ಲಿಯೂ ಇಲ್ಲಿ ಸಂಗ್ರಹವಾದ ಠೇವಣಿಯಲ್ಲಿ ಇಲ್ಲಿಯೇ ಸಾಲವಾಗಿ ಮರಳಿದ್ದೆಷ್ಟು ಎಂದು ವಿಚಾರಿಸಬೇಕು.

ಮಂಡಳಿಯ ಪೀಠದಲ್ಲಿರುವ ಶರಣ ಬಂಧುಗಳಿಗೂ ಒಂದು ಮಾತು. ತಮ್ಮ ಕೈಯಲ್ಲಿರುವ ಹಣ ತಮ್ಮದಲ್ಲ. ಬೆವರು ಸುರಿಸಿದವರು ನಂಬಿ ಇಟ್ಟದ್ದು. ಅದನ್ನು ಕಾಪಾಡಿ, ಅರ್ಹರಿಗೆ ಕೊಟ್ಟು, ಕೇಳಿದಾಗ ಹಿಂದಿರುಗಿಸುವುದೇ ತಮ್ಮ ಕಾಯಕ. ಅದು ಶುದ್ಧವಾಗಿ ನಡೆದ ಮೇಲೆ ಉಳಿದ ಲಾಭದಿಂದ ಶಾಲೆಗೂ ಆಸ್ಪತ್ರೆಗೂ ನೀಡಿದ್ದು ದಾಸೋಹವೆನಿಸುತ್ತದೆ. ಅಲ್ಲಮರ ನಾಡಿನ ಸಂಸ್ಥೆಗಳು ಈ ಕ್ರಮವನ್ನು ತಪ್ಪದೆ ಪಾಲಿಸಲೆಂದು ನಾವು ಹಾರೈಸುತ್ತೇವೆ.