ರಿಯೆಲ್ಲ: ಅಲ್ಜೀರಿಯದ ಒಂದು ಜಲಸಸ್ಯದ ಅಸ್ತಿತ್ವನಿರ್ಣಯ

ಒಂದು ದೇಶದ ಸಸ್ಯಸೂಚಿಗೆ ಹೊಸ ಹೆಸರೊಂದನ್ನು ಸೇರಿಸುವುದು ಸುಲಭವೆಂದು ತೋರಬಹುದು. ಗಿಡವನ್ನು ಕಂಡವನು ಕಂಡೆನೆಂದರೆ ಸಾಕಲ್ಲವೆ? ಲಿವರ್‌ವರ್ಟ್ ಎಂಬ ಸಣ್ಣ ಸಸ್ಯಗಳ ವಿಷಯದಲ್ಲಿ ಅಷ್ಟು ಸಾಲದು. ಹೂವಿಲ್ಲದ, ನಿಜವಾದ ಬೇರಿಲ್ಲದ ಈ ಗಿಡಗಳಲ್ಲಿ ಕೆಲವುದರ ಚಪ್ಪಟೆಯಾದ ಮೈ ಯಕೃತ್ತನ್ನು ಹೋಲುತ್ತದೆ. ಆಕಾರಸಾಮ್ಯದಿಂದಲೇ ಇವು ಯಕೃದ್ರೋಗಕ್ಕೆ ಔಷಧವೆಂದು ಹಿಂದಿನ ಐರೋಪ್ಯರು ನಂಬಿದ್ದರಿಂದ ಆ ಹೆಸರು ಬಂದಿತು.

ಇವುಗಳಲ್ಲಿ ರಿಯೆಲ್ಲ ಎಂಬ ಕುಲದ ಚರಿತ್ರೆಗೂ ಅಲ್ಜೀರಿಯಕ್ಕೂ ನಿಕಟವಾದ ಸಂಬಂಧವುಂಟು. ಓರಾನ್ ಪ್ರಾಂತದ ಸರೋವರದಲ್ಲಿ ದ್ಯುರಿಯೋ ಎಂಬ ಫ್ರೆಂಚ್ ವಿದ್ವಾಂಸನಿಗೆ ದೊರೆತ ಗಿಡವನ್ನು ಬೊರಿ ಮತ್ತು ಮೊಂತಾನ್ಯ್ ಎಂಬವರು 1840ರ ದಶಕದಲ್ಲಿ ವರ್ಣಿಸಿ, ಅವನ ಹೆಸರನ್ನೇ ಅದಕ್ಕಿಟ್ಟರು. 1852ರಲ್ಲಿ ಮೊಂತಾನ್ಯ್ ಅದನ್ನು ಬಿಟ್ಟು ರಿಯೆಲ್ಲ ಎಂದು ಕರೆದನು. ಜಾತಿಯ ಹೆಸರು ಹೆಲಿಕೋಫಿಲ್ಲ. ಗ್ರೀಕಿನಲ್ಲಿ ಸುರುಳಿಯಾದ ಎಲೆಯುಳ್ಳದ್ದೆಂದು ಅರ್ಥ, ನಮ್ಮ ಬಹುವ್ರೀಹಿಯಂತೆಯೇ. ವಾಸ್ತವವಾಗಿ ಅದು ಎಲೆಯಲ್ಲ. ಕಾಂಡದ ಒಂದು ಪಾರ್ಶ್ವದಲ್ಲಿ ನೀರಿನೊಳಗೆ ಅಲೆಯಲೆಯಾಗಿ ನಿಲ್ಲುವ ತೆಳ್ಳನೆಯ ರೆಕ್ಕೆ.

ಈ ರೆಕ್ಕೆಯನ್ನು ಕಂಡು ಕುಲವನ್ನು ಹೇಳಬಹುದು, ಜಾತಿಯನ್ನು ಹೇಳಲಾಗದು. ಸ್ತ್ರೀಯಂಗವನ್ನು ಮುಚ್ಚಿರುವ ಕೋಶ ನುಣುಪೋ ಏಣುಗಳುಳ್ಳದ್ದೋ, ಗಂಡು ಹೆಣ್ಣು ಅಂಗಗಳು ಒಂದೇ ಗಿಡದಲ್ಲಿವೆಯೋ ಬೇರೆಬೇರೆ ಗಿಡಗಳಲ್ಲೋ, ಬೀಜಾಣುವಿನ ಮೇಲಣ ಮುಳ್ಳುಗಳು ಎಂತಹವು ಎಂಬುದನ್ನು ಸೂಕ್ಷ್ಮದರ್ಶಕದಿಂದ ನೋಡಬೇಕು. ಹೆಲಿಕೋಫಿಲ್ಲದ ಕೋಶ ನುಣುಪು, ಲಿಂಗಗಳು ಬೇರೆಬೇರೆ ಗಿಡಗಳಲ್ಲಿ. ನೊಟಾರಿಸಿಯ ಕೋಶವೂ ನುಣುಪೇ, ಆದರೆ ಎರಡು ಲಿಂಗಗಳೂ ಒಂದೇ ಗಿಡದಲ್ಲಿ. ಫಲಿಸದ ಗಿಡವನ್ನು ಕಂಡು ಹೆಸರು ಬರೆದ ಹಳೆಯ ಸೂಚಿ, ಮೂಲಪ್ರತಿ ದೊರೆಯದೆ ಪರಗ್ರಂಥದಲ್ಲಿ ಮಾತ್ರ ಉದ್ಧೃತವಾದ ಪದ್ಯದಂತೆ. ಸುಳ್ಳೆನ್ನಲಾಗದು, ಪ್ರಮಾಣವೆಂದು ಹಿಡಿಯಲೂ ಆಗದು. ಸಸ್ಯಸಂಗ್ರಹದಲ್ಲಿ ಸ್ಥಳ, ದಿನ, ಸಂಗ್ರಾಹಕರ ವಿವರದೊಡನೆ ಒಣಗಿಸಿಟ್ಟ ಮಾದರಿಯಿದ್ದರೆ, ಅದನ್ನು ನೀರಿನಲ್ಲಿ ನೆನೆಸಿ ಮತ್ತೊಬ್ಬನು ಬೀಜಾಣುಗಳನ್ನು ಪರೀಕ್ಷಿಸಬಹುದು.

ಇದಕ್ಕಿಂತ ಕಠಿನವಾದುದು ‘ಇಲ್ಲ’ ಎಂಬ ನಿರ್ಣಯ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂದರು: ಇದ್ದಿದ್ದರೆ ಕಾಣಲೇಬೇಕಾದ ವಸ್ತು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧ. ರಿಯೆಲ್ಲ ಅಂತಹ ವಸ್ತುವಲ್ಲ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ನೀರಿನಲ್ಲಿ, ಕೆಲವೆಡೆ ಉಪ್ಪುನೀರಿನಲ್ಲಿಯೂ, ಅದು ಬೇಗ ಬೆಳೆದು ಬೀಜಾಣುಗಳನ್ನು ಕೆಸರಿಗೆ ಒಪ್ಪಿಸಿ ಅಳಿದುಹೋಗುತ್ತದೆ. ಒಣಗಿದ ಕೆಸರಿನಲ್ಲಿ ಆ ಬೀಜಾಣುಗಳು ವರ್ಷಗಳ ಕಾಲ ಜೀವ ಹಿಡಿದಿರುತ್ತವೆ. ಬತ್ತಿದ ಕೆರೆಯನ್ನು ಒಮ್ಮೆ ನೋಡಿಬಂದು ಗಿಡ ನಾಶವಾಯಿತೆಂದು ಬರೆಯುವುದು ನ್ಯಾಯವಾಗಲಾರದು.

ಬೀಜಾಣುಗಳು ದೂರಕ್ಕೂ ಹೋಗಬಲ್ಲವು. ಬಾತುಗಳ ಕರುಳನ್ನು ದಾಟಿಬಂದ ಮೇಲೂ ಅವು ಮೊಳೆಯುವುದನ್ನು ಪ್ರಾಕ್ಟರ್ ಎಂಬವನು 1961ರಲ್ಲಿ ಪ್ರಕಟಿಸಿದನು. ಕಾನರಿ ದ್ವೀಪಗಳಿಂದ 1903ರಲ್ಲಿ ವರ್ಣಿತವಾದ ಅಫಿನಿಸ್ ಎಂಬ ಜಾತಿ ಕಾಶಿಯ ಸಮೀಪದ ಚಕಿಯದಲ್ಲಿಯೂ ದೊರೆತಿರುವುದಕ್ಕೆ ಇಂತಹ ಪ್ರಯಾಣವೇ ಕಾರಣವಿರಬಹುದು.

ಆದುದರಿಂದ ಶೋಧಕರು ಗಿಡ ಕಾಣದ ಕಡೆಯಿಂದಲೂ ಒಣಮಣ್ಣನ್ನು ತರುತ್ತಾರೆ. ಗಾಜಿನ ಪಾತ್ರೆಯಲ್ಲಿ ಅದರ ಮೇಲೆ ನೀರು ತುಂಬಿ, ಬೆಳಕಿನಲ್ಲಿಟ್ಟು ವಾರಗಟ್ಟಲೆ ಕಾಯುತ್ತಾರೆ. ಮೊಳೆತದ್ದು ಫಲಿಸಿ, ಬೀಜಾಣು ಪಕ್ವವಾದ ಬಳಿಕವೇ ಆ ದೇಶದ ಸೂಚಿಯಲ್ಲಿ ಜಾತಿಯ ಹೆಸರನ್ನು ಬರೆಯುವುದು.