ಕಿಟಕಿಯಲ್ಲಿ ವೃಕ್ಷರುಹೆ

ಶ್ರೀರಂಗಪಟ್ಟಣದ ಸಮೀಪದಲ್ಲಿ, ಲೋಕಪಾವನಿಯು ಕಾವೇರಿಯನ್ನು ಕೂಡುವ ನೆಲದ ಮಗ್ಗುಲಿಗೆ ಕರಿಘಟ್ಟವು ನಿಂತಿದೆ. ಕಾವೇರಿ ಹುಟ್ಟುವುದು ಕೊಡಗಿನ ಮಳೆಗಾಡಿನಲ್ಲಿ. ಅಲ್ಲಿ ಹಾವಸೆಗಟ್ಟಿದ ಕೊಂಬೆಗಳ ಮೇಲೆ ಆರ್ಕಿಡ್ ಸಸ್ಯಗಳು ಗೊಂಚಲು ಗೊಂಚಲಾಗಿ ಅರಳುತ್ತವೆ. ಸೀತಾಳೆ ದಂಡೆ ಆ ಬಳಗಕ್ಕೆ ಸೇರಿದ ಹೂವು. ನದಿಯ ನೀರು ಒಂದೇ ಆದರೂ ಎರಡು ಸೀಮೆಗಳ ಗಾಳಿ ಬೇರೆ. ಮಲೆನಾಡಿನ ತೇವವು ಕರಿಘಟ್ಟದ ಬಯಲಿಗೆ ಇಳಿದುಬರುವುದಿಲ್ಲ. ಹೀಗಿರಲು ಈ ಸಸ್ಯವನ್ನು ಇಲ್ಲಿಯ ಮನೆಯೊಳಗೆ ಬೆಳೆಸಲು ಸಾಧ್ಯವೆ? ಸಾಧ್ಯವುಂಟು, ಆದರೆ ಮೊದಲು ಅದರ ಸ್ವಭಾವವನ್ನು ಅರಿಯಬೇಕು.

ಆರ್ಕಿಡ್‌ಗಳ ಒಂದು ಜಾತಿಗೆ ಸಸ್ಯಶಾಸ್ತ್ರವು ಕೊಟ್ಟಿರುವ ಹೆಸರು ವಂದಾ. ಅದು ಸಂಸ್ಕೃತದಿಂದ ಹೋದ ಮಾತು. ಅಮರಕೋಶವು ಆ ಪದಕ್ಕೆ ವೃಕ್ಷಾದನೀ, ವೃಕ್ಷರುಹಾ ಎಂಬ ಪರ್ಯಾಯಗಳನ್ನು ಹೇಳುತ್ತದೆ. ಮರವನ್ನು ತಿನ್ನುವುದು ವೃಕ್ಷಾದನಿ. ಮರದ ಮೇಲೆ ಬೆಳೆಯುವುದು ವೃಕ್ಷರುಹೆ. ಮೊದಲನೆಯದು ಬಂದಳಿಕೆಗೆ ತಕ್ಕ ಹೆಸರು. ಅದು ಆಶ್ರಯವಿತ್ತ ಮರದ ರಸವನ್ನೇ ಹೀರುತ್ತದೆ. ಮರದ ಮೇಲಿನ ಆರ್ಕಿಡ್‌ಗೆ ಒಪ್ಪುವುದು ಎರಡನೆಯದು ಮಾತ್ರ. ಅದು ಮರದಿಂದ ಪಡೆಯುವುದು ನೆಲೆಯನ್ನು, ಅನ್ನವನ್ನಲ್ಲ. ಈ ಭೇದವನ್ನರಿಯದೆ ಅದನ್ನು ಬಂದಳಿಕೆಯೆಂದು ಕಿತ್ತೆಸೆಯುವವರುಂಟು. ಪ್ರೀತಿಯಿಂದ ತಂದು ಕುಂಡದ ಮಣ್ಣಿನಲ್ಲಿ ಹೂತು ಕೊಲ್ಲುವವರೂ ಉಂಟು.

ಇದರ ಬೇರಿಗೆ ಬೇಕಾದುದು ಗಾಳಿ. ಬೇರಿನ ಮೇಲಿರುವ ಮೆತ್ತನೆಯ ಹೊದಿಕೆಯು ನೀರನ್ನು ಥಟ್ಟನೆ ಹೀರಿಕೊಳ್ಳುತ್ತದೆ; ನೆನೆದಾಗ ಹಸುರು, ಒಣಗಿದಾಗ ಬೆಳ್ಳಿಯ ಬಣ್ಣ. ಆದಕಾರಣ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ತುಂಬಿದ, ತೂತುಗಳುಳ್ಳ ಕುಂಡವೇ ತಕ್ಕುದು. ಬೇರು ಬೆಳ್ಳಗಾದ ಮೇಲೆ ಬೆಳಗಿನ ಹೊತ್ತು ನೀರೆರೆಯಬೇಕು. ಬಯಲುಸೀಮೆಯ ಒಣಹವೆಗೆ, ಬೆಣಚುಕಲ್ಲುಗಳನ್ನು ಹರಡಿ ನೀರು ತುಂಬಿದ ತಟ್ಟೆಯ ಮೇಲೆ ಕುಂಡವನ್ನಿಟ್ಟರೆ ಸುತ್ತಲೂ ಕೊಂಚ ತೇವವುಂಟಾಗುತ್ತದೆ. ಕುಂಡದ ತಳ ಮಾತ್ರ ನೀರಿಗೆ ತಾಗಕೂಡದು.

ಬೆಳಕಿಗೆ ಮೂಡಣ ಕಿಟಕಿ ಶ್ರೇಷ್ಠ. ಶೀತದೇಶದ ಪುಸ್ತಕಗಳು ತೆಂಕಣ ಕಿಟಕಿಯೇ ಬಿಸಿಲಿನದೆಂದು ಹೇಳುತ್ತವೆ, ಇಲ್ಲಿ ಹಾಗಲ್ಲ. ಕರಿಘಟ್ಟವಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ಬಡಗಣಕ್ಕೆ ವಾಲಿರುತ್ತಾನೆ. ಆಗ ಬಿಸಿಲು ಬಡಗಣ ಕಿಟಕಿಗೂ ಬೀಳುವುದರಿಂದ ತೆಳುಪರದೆ ಬೇಕಾದೀತು. ಎಲೆ ಕಡುಹಸುರಾದರೆ ಬೆಳಕು ಸಾಲದು, ಕೆಂಪೇರಿದರೆ ಹೆಚ್ಚಾಯಿತು.

ಕಿಟಕಿಯಿಲ್ಲದ ಕೋಣೆಯಲ್ಲಿ ವಿದ್ಯುದ್ದೀಪವೇ ಸೂರ್ಯ. ಓದಲು ಸಾಲುವ ಬೆಳಕು ಗಿಡಕ್ಕೆ ಸಾಲದು. ಕೋಣೆಯ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮಂದ ಬೆಳಕಿನಲ್ಲೇ ತೃಪ್ತಿಪಡುವ ಫಲೆನಾಪ್ಸಿಸ್‌ಗೂ ಸುಮಾರು 10,000 ಲಕ್ಸ್ ಬೇಕು. ಆದ್ದರಿಂದ ಕೊಳವೆದೀಪವನ್ನಾಗಲಿ ಎಲ್.ಇ.ಡಿ. ದೀಪವನ್ನಾಗಲಿ ಎಲೆಗಳಿಗೆ ಒಂದಡಿಯೊಳಗೆ ತೂಗಿಸಿ, ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕು. ರಾತ್ರಿ ಆರಿಸುವುದೂ ಅಷ್ಟೇ ಅವಶ್ಯ. ಫಲೆನಾಪ್ಸಿಸ್, ವಂದಾ ಮುಂತಾದವು ನೀರನ್ನು ಉಳಿಸಲು ಹಗಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಇರುಳಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಳ್ಳುತ್ತವೆ. ವಂದಾ ಪ್ರಖರವಾದ ಬೆಳಕನ್ನು ಬಯಸುವುದರಿಂದ ಅದಕ್ಕೆ ದೀಪಕ್ಕಿಂತ ಕಿಟಕಿಯೇ ಲೇಸು.

ಇನ್ನು, ಗಿಡವನ್ನು ಎಲ್ಲಿಂದ ತರಬೇಕು? ಕಾಡಿನಿಂದ ಖಂಡಿತ ಬೇಡ. ಆರ್ಕಿಡ್ ಬೀಜವು ಧೂಳಿನಷ್ಟು ಸೂಕ್ಷ್ಮ, ಅದರೊಳಗೆ ಬುತ್ತಿಯಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರವು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಕಿತ್ತ ಗಿಡದ ಎಡೆಯಲ್ಲಿ ಇನ್ನೊಂದು ಹೂಬಿಡಲು ವರ್ಷಗಳೇ ಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಪಾಕದಲ್ಲಿಯೇ ಬೀಜವನ್ನು ಮೊಳೆಯಿಸಿ ತೋರಿಸಿದನು. ಅಂದಿನಿಂದ ಕಾಡನ್ನು ಕೊಳ್ಳೆಹೊಡೆಯುವ ಅಗತ್ಯ ತಪ್ಪಿತು. 1975ರಲ್ಲಿ ಜಾರಿಗೆ ಬಂದ, ಅಳಿವಿನ ಭಯವುಳ್ಳ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಆರ್ಕಿಡ್ ಕುಟುಂಬವೇ ಇದೆ. ಸಸ್ಯಾಗಾರದಲ್ಲಿ ಬೆಳೆಸಿದ ಗಿಡವನ್ನು ಕೊಳ್ಳುವುದೇ ಧರ್ಮ.

ಪರರ ರಸವನ್ನು ಹೀರದೆ ತನ್ನ ಕಾಯಕದಿಂದ ಬದುಕುವ ಗಿಡವಿದು. ಶಾಲೆಯ ಒಂದು ಮೂಡಣ ಕಿಟಕಿಯಲ್ಲಿ ಇಂತಹ ಕುಂಡವೊಂದಿದ್ದರೆ, ವೃಕ್ಷಾದನಿಗೂ ವೃಕ್ಷರುಹೆಗೂ ಇರುವ ಅಂತರವನ್ನು ಮಕ್ಕಳು ಕೋಶವನ್ನು ತೆರೆಯದೆಯೇ ಕಲಿತಾರು.